ಅಪ್ಪ ಕೇಳಿದ ಇನ್ನರ್ಧ ಮುದ್ದೆ

ಭದ್ರಾವತಿ, ೭-೧೨-೧೯೯೭, ಭಾನುವಾರ

ಅಂಗೈ ಇನ್ನೂ ಉರಿಯುತ್ತಿದೆ, ಆದರೂ ಖುಷಿಗೆ ನಿದ್ದೆ ಬರುತ್ತಿಲ್ಲ. ಹೆಂಡತಿ ಗಿರಿಜಾಳ ಬಲಗೈಗೆ ಪ್ಲಾಸ್ಟರ್ ಹಾಕಿರುವುದರಿಂದ ಇವತ್ತು ಮೊದಲ ಬಾರಿಗೆ ನಾನೇ ರಾಗಿ ಮುದ್ದೆ ತಿರುವಿದೆ.

"ಗಂಟು ಕಟ್ಟಿದ್ರೆ ಈಗ್ಲೇ ಹೇಳು ಮಾರಾಯ, ನವುಲೆಗೆ ನಿಮ್ಮಕ್ಕನ ಮನೆಗೆ ಊಟಕ್ಕೆ ಹೋಗ್ತೀನಿ," ಎಂದು ಅಪ್ಪ ಅಂಗಿ ತೊಟ್ಟು ಸಿದ್ಧರಾಗಿಯೇ ಕೂತಿದ್ದರು.

ಗಿರಿಜಾ ಪಕ್ಕದಲ್ಲೇ ನಿಂತು, "ಕೋಲು ನಿಲ್ಲಿಸ್ಬೇಡ್ರೀ, ಇನ್ನೂ ಹಸಿ ಇದೆ," ಎಂದು ಗದರುತ್ತಿದ್ದಳು. ಒದ್ದೆ ಬೆರಳಿಗೆ ಹಿಟ್ಟು ಅಂಟದಾದ ಮೇಲೆ ಇಳಿಸಲು ಹೇಳಿದಳು.

ಅವರೆಕಾಳಿನ ಸಾರಿನಲ್ಲಿ ಅದ್ದಿ ಅಪ್ಪ ಮೊದಲ ತುತ್ತು ನುಂಗಿದರು. ತಟ್ಟೆ ಖಾಲಿಯಾದ ಮೇಲೆ, "ಇನ್ನರ್ಧ ಹಾಕು," ಎಂದರು!

ಉಳಿದಿದ್ದು ನನ್ನ ಪಾಲಿನ ಮುದ್ದೆ ಮಾತ್ರ. ಇಡಿಯಾಗಿ ಬಡಿಸಿಬಿಟ್ಟೆ. ನಾನು ಅನ್ನ ಉಂಡೆ. ಆ ಮುದ್ದೆಯ ರುಚಿ ಹೇಗಿತ್ತೋ, ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿಲ್ಲ...