ತಾಸಿಗೆ ಹತ್ತು ನಿಮಿಷ

ಅಕ್ಕಲಕೋಟೆ
೨೭ ಡಿಸೆಂಬರ್ ೧೯೭೭, ಮಂಗಳವಾರ

ಚಿರಂಜೀವಿ ಕಲ್ಲಣ್ಣನಿಗೆ ಅಣ್ಣ ಸಾತಲಿಂಗಪ್ಪನ ಮನಸಾರೆ ಆಶೀರ್ವಾದ.

ನೀನು ಹೇಗಿದ್ದೀ? ವೇಣೂಬಾಯಿಯ ಮೊಣಕಾಲು ಈ ಚಳಿಗೆ ಹಟ ಹಿಡಿದಿಲ್ಲ ತಾನೇ? ಮಂದಾಕಿನಿಯ ಕೆಮ್ಮು ಬಿಟ್ಟಿತೇ? ಅವಳು ಈಗ ಮ್ಯಾಟ್ರಿಕ್ಕಿಗೆ ಇದ್ದಾಳೆಂದು ನಾಗಪ್ಪ ಹೇಳಿದ. ನಾಗಪ್ಪ ದುಧನಿಯಿಂದ ಶೇಂಗಾದ ಲಾರಿಯ ಸಂಗಡ ಬಂದಾಗ ಮಾತ್ರ ನಿಮ್ಮ ಸುದ್ದಿ ನನಗೆ ಸಿಗುತ್ತದೆ. ನೀನು ಈಗಲೂ ಅಡತಿ ಅಂಗಡಿಯ ಕಾಟಾದ ಮುಂದೆ ನಿಂತೇ ತೂಕ ಬರೆಸುತ್ತೀಯಂತೆ, ಕೂಡ್ರು ಎಂದರೂ ಕೂಡ್ರುವುದಿಲ್ಲವಂತೆ. ವಯಸ್ಸಾಯಿತು, ಸ್ವಲ್ಪ ಕೂತುಕೋ.

ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ದೀಪಾವಳಿಗೆ ಒಂದು ಬರೆದೆ, ಹರಿದೆ. ಆಮೇಲೆ ಇನ್ನೆರಡು ಬರೆದೆ, ಅವನ್ನೂ ಹರಿದೆ. ನನ್ನ ಕನ್ನಡ ನಿನಗೆ ಗೊತ್ತೇ ಇದೆ. ಸಾಲಿಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಅಕ್ಷರಗಳನ್ನು ಅವ್ವ ತರುತ್ತಿದ್ದ ಬೆಲ್ಲದ ಪೊಟ್ಟಣ, ಚಹಾಪುಡಿಯ ಪೊಟ್ಟಣಗಳ ಕಾಗದದಿಂದ ಒಂದೊಂದಾಗಿ ಕೂಡಿಸಿಕೊಂಡವನು ನಾನು. ಆದರೂ ಅವ್ವನ ಮನೆಯಲ್ಲಿ ಕೂತು ನಿನಗೆ ಮರಾಠಿಯಲ್ಲಿ ಬರೆಯಲು ಕೈ ಬರಲಿಲ್ಲ.

ಹೌದು, ಅವ್ವನ ಮನೆಯಲ್ಲೇ ಇದ್ದೇನೆ. ಸಪ್ಟೆಂಬರ್ ಮೂವತ್ತಕ್ಕೆ ಮಿಲ್ಲಿನ ನೌಕರಿ ಮುಗಿಯಿತು. ಸೋಲಾಪುರದ ಚಾಳಿನ ಖೋಲಿ ಬಿಟ್ಟುಕೊಟ್ಟು ನಾನೂ ನಿಮ್ಮ ವೈನಿ ಲೀಲಾಬಾಯಿಯೂ ಇಲ್ಲಿಗೆ ಬಂದೆವು. ಬಾಗಿಲ ಮುಂದಿನ ಬೇವು ಇನ್ನೂ ಇದೆ. ನೀನು ಕೈ ಕೊಯ್ದುಕೊಂಡ ಆ ಕಿಟಕಿಯ ಸರಳೂ ಹಾಗೇ ಇದೆ.

ಬಂದ ಮೊದಲ ವಾರ ಒಂದು ವಿಚಿತ್ರವಾಯಿತು. ನನಗೆ ಎಚ್ಚರವೂ ಇಲ್ಲ, ನಿದ್ದೆಯೂ ಇಲ್ಲ. ಮೂವತ್ತೊಂದು ವರ್ಷ ಮಿಲ್ಲಿನ ಐದರ ಭೊಂಗಾ ಊದಿದಾಗ ಎದ್ದವನು. ಆ ಭೊಂಗಾ ಕೂಗಿದರೆ ಚಾಳಿನ ಎಲ್ಲ ಒಲೆಗಳೂ ಒಮ್ಮೆಲೇ ಹೊತ್ತಿಕೊಳ್ಳುತ್ತಿದ್ದವು. ಅಕ್ಕಲಕೋಟೆಯಲ್ಲಿ ಭೊಂಗಾ ಎಲ್ಲಿಯದು? ಬೆಳಗಿನ ಜಾವ ಹಾಸಿಗೆಯಲ್ಲಿ ಬಿದ್ದುಕೊಂಡು, ಬಾರದ ಕೂಗಿಗಾಗಿ ಕಿವಿಗೊಟ್ಟು ಕಾಯುತ್ತಿದ್ದೆ.

ಈಗ ಗಡಿಯಾರದ ಕಥೆ ಹೇಳುತ್ತೇನೆ.

ನಮ್ಮ ಟೈಮ್ ಆಫೀಸಿನಲ್ಲಿ ಯಾರು ನಿವೃತ್ತರಾದರೂ ಗೋಡೆ ಗಡಿಯಾರ ಕೊಡುವುದು ಪದ್ಧತಿ. ನಾನೇ ಏಳು ಜನರಿಗೆ ಆರಿಸಿ ತಂದಿದ್ದೇನೆ. ನನ್ನ ಸರದಿ ಬಂದಾಗ “ಗೋಡೆ ಗಡಿಯಾರ ಬ್ಯಾಡ” ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ಕುರ್ಚಿಗೆ ಬಂದ ಹೊಸ ಹುಡುಗ ಶಿವಾನಂದ, ಒಳ್ಳೆಯವನು, “ನಡೀರಿ ಕಾಕಾ, ನಿಮ್ಮ ಮನಸಿಗೆ ಬಂದದ್ದು ತರೋಣು” ಎಂದು ಸ್ಕೂಟರಿನ ಹಿಂದೆ ಕೂಡ್ರಿಸಿಕೊಂಡು ಪೇಟೆಗೆ ಕರೆದೊಯ್ದ. ಮುಂಬೈಯಿಂದ ಪರದೇಶದ ಸಾಮಾನು ತರಿಸುವ ಅಂಗಡಿ ಅದು. ಅಂಗಡಿಯವನು ಎರಡು ಪೆಟ್ಟಿಗೆ ತೆಗೆದಿಟ್ಟ. ಎರಡರಲ್ಲೂ ರೇಡಿಯೋ ಇತ್ತು, ಗಡಿಯಾರವೂ ಇತ್ತು. ಹೇಳಿದ ಹೊತ್ತಿಗೆ ರೇಡಿಯೋ ತಾನಾಗಿ ಹಾಡಿ ಎಬ್ಬಿಸುತ್ತದೆ. ಒಂದಕ್ಕೆ ಹಸಿರಾಗಿ ಹೊಳೆಯುವ ಮುಳ್ಳು. ಇನ್ನೊಂದಕ್ಕೆ ಮುಳ್ಳೇ ಇಲ್ಲ! ಅಂಕಿ ಬರೆದ ಪುಟ್ಟ ಪುಟ್ಟ ಎಲೆಗಳು, ನಿಮಿಷಕ್ಕೊಂದು ಎಲೆ ‘ಟಪ್’ ಎಂದು ಮಗುಚಿ ಬೀಳುತ್ತದೆ. ಒಳಗೆ ಸಣ್ಣ ಕೇಸರಿ ದೀಪ.

“ಹೇ ಡಿಜಿಟಲ್ ಆಹೆ, ಕಾಕಾ. ಸೋಲಾಪುರದಾಗ ಇದೊಂದ ಅದ,” ಎಂದ ಅಂಗಡಿಯವನು.

“ಮುಳ್ಳಿಂದು ತಗೋರಿ ಕಾಕಾ,” ಎಂದ ಶಿವಾನಂದ. “ಜನ್ಮೆಲ್ಲಾ ಮುಳ್ಳ ನೋಡೀರಿ, ರೂಢಿ ಅದ.”

“ಅದಕ್ಕ ಬ್ಯಾಡ ಅಂತೀನಿ.”

“ಯಾಕ್ರಿ?”

“ಮುಳ್ಳು ಬೆರಳಿನ ಮಾತ ಕೇಳ್ತದಪ್ಪ,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಎಲೆ ಗಡಿಯಾರವನ್ನೇ ತಂದೆ. ಅದು ಕುಡಿಯುವ ಕರೆಂಟು ಬೇರೆಯಂತೆ, ಅದಕ್ಕಾಗಿ ಇಟ್ಟಂಗಿಯಷ್ಟು ಭಾರದ ಒಂದು ಡಬ್ಬಿಯನ್ನೂ ಜೊತೆಗೆ ಕೊಟ್ಟ. ಪೋಸ್ಟಿಗೆ ಹೋಗಿ ರೇಡಿಯೋದ ಲೈಸನ್ಸ್ ಮಾಡಿಸಿದೆ. ಅಲ್ಲಿಯ ಗುಮಾಸ್ತ ಕನ್ನಡಕ ಏರಿಸಿ, “ಗಡಿಯಾರಕ್ಕ ಲೈಸನ್ಸ್ ಇಲ್ಲ, ರೇಡಿಯೋಕ್ಕ ಅದ. ಇದು ಯಾವುದು ಅಂತ ಬರೀಲಿ?” ಎಂದ. “ಹಾಡತದ, ಅಂದ ಮ್ಯಾಲ ರೇಡಿಯೋ ಅಂತ ಬರೀರಿ,” ಎಂದೆ.

ಅವ್ವ ಮಲಗುತ್ತಿದ್ದ ಮಂಚ ನೆನಪಿದೆಯಲ್ಲ? ಅದರ ತಲೆದಿಂಬಿನ ಪಕ್ಕದ ಗೂಡಿನಲ್ಲಿ ಇಟ್ಟೆ. ಮಲಗುವ ಮುಂಚೆ ಒಂಬತ್ತಕ್ಕೆ ಸರಿಯಾಗಿ ಹೊಂದಿಸಿ, ಬೆಳಿಗ್ಗೆ ಐದಕ್ಕೆ ಎಬ್ಬಿಸು ಎಂದು ಕೀಲಿ ತಿರುಗಿಸಿದೆ. ಎಷ್ಟೋ ದಿನಗಳ ಮೇಲೆ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದೆ.

ಯಾರೋ ಭಜನೆ ಹಾಡುತ್ತಿದ್ದರು. ಕಣ್ಣು ಬಿಟ್ಟರೆ ಗಡಿಯಾರದಲ್ಲಿ ಐದು. ಎದುರಿನ ಗೋಡೆಯ ಮೇಲೆ ಮಾತ್ರ ಬಿಸಿಲು! ಹಾಲಿನವಳು ಬಂದು ಹೋಗಿದ್ದಳು. ನಿಮ್ಮ ವೈನಿ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅಲ್ರಿ, ಹೆಡ್ ಟೈಮ್‌ಕೀಪರ್ ಸಾಹೇಬ್ರು ಲೇಟ್! ಈಗ ಯಾರ ಹೆಸರಿನ ಮುಂದ ಕೆಂಪ ಗೆರಿ ಎಳೀತೀರಿ?”

ನಕ್ಕೆ. ಆದರೆ ಆ ಕೆಂಪು ಗೆರೆಯ ಮಾತು ಎಲ್ಲೋ ಹೋಗಿ ನಾಟಿತು.

ಮರುದಿನವೂ ಹಾಗೇ ಆಯಿತು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಭೀಮಶಾ ಇದ್ದಾನೆ, ಅವನ ಬಳಿಗೆ ಒಯ್ದೆ. ಬೆನ್ನು ಬಿಚ್ಚಿ ನೋಡಿ ಅವನು ನಗಲಿಕ್ಕೇ ಶುರು ಮಾಡಿದ.

“ಏನೂ ಕೆಟ್ಟಿಲ್ಲರಿ ಕಾಕಾ. ಇದು ಅಮೇರಿಕಾದ ಕರೆಂಟಿಗೆ ಮಾಡಿದ್ದು. ಅವರ ಕರೆಂಟ್ ಸೆಕೆಂಡಿಗೆ ಅರವತ್ತ ಸಲ ಮಿಡೀತದ, ನಮ್ಮದು ಐವತ್ತ. ಇದು ಆ ಮಿಡಿತ ಎಣಿಸಿ ಎಲಿ ಬೀಳಸ್ತದ. ನಿಮಗ ಕೊಟ್ಟ ಡಬ್ಬಿ ಕರೆಂಟಿನ ಜೋರ ಇಳಸ್ತದ, ಮಿಡಿತ ಬದಲಸಂಗಿಲ್ಲ.”

“ಅಂದ್ರ?”

“ಅಂದ್ರ ಒಂದ ತಾಸಿಗೆ ಹತ್ತ ನಿಮಿಷ ಹಿಂದ ಬೀಳ್ತದ. ಎಂದಿಗೂ ಹತ್ತ ನಿಮಿಷನೇ, ಹೆಚ್ಚಿಲ್ಲ ಕಮ್ಮಿಲ್ಲ. ಭಾಳ ಪ್ರಾಮಾಣಿಕ ಮಷೀನ್ ರೀ! ಒಳಗಿನ ಗಾಲಿ ಬದಲಿ ಮಾಡಿಸಬೇಕಂದ್ರ ಮುಂಬೈಗೆ ಕಳಸ್ರಿ.”

ಕಲ್ಲಣ್ಣ, ಮೂವತ್ತೊಂದು ವರ್ಷ ಮೂರು ಸಾವಿರ ಜನರ ಹೊತ್ತು ಕಾದವನು ಕಡೆಗೆ ತನಗಾಗಿ ಆರಿಸಿಕೊಂಡ ಗಡಿಯಾರ ಇದು. ವಾಪಸ್ ಕೊಡೋಣ ಎಂದರೆ ನಿಮ್ಮ ವೈನಿ ಬಿಡಲಿಲ್ಲ. “ಇರ್ಲಿ ಬಿಡ್ರಿ. ನಿಮ್ಮ ಗಡಿಯಾರದ ಹಿಂದ ಓಡಿ ಓಡಿ ನನಗ ಸಾಕಾಗೇದ. ಇದರ ಸಂಗಾಟ ಸಾವಕಾಶ ನಡೀತೀನಿ,” ಎಂದಳು. ಮುಳ್ಳಿನ ಗಡಿಯಾರ ನೋಡಲು ಅವಳು ಎಂದೂ ಕಲಿಯಲಿಲ್ಲ, ಅಂಕಿ ಮಾತ್ರ ಓದುತ್ತಾಳೆ. ಮನೆಯಲ್ಲಿ ಮೊದಲ ಸಲ ಅವಳು ನನಗೆ ಟೈಮು ಹೇಳುತ್ತಾಳೆ. ಅದು ತಪ್ಪು ಟೈಮು, ಆದರೆ ಎಷ್ಟು ಸಂತೋಷದಿಂದ ಹೇಳುತ್ತಾಳೆ!

ಈಗ ಮೂರು ತಿಂಗಳಾಯಿತು. ಅದರ ನಡೆ ನನಗೆ ತಿಳಿದಿದೆ. ಒಂಬತ್ತಕ್ಕೆ ಸರಿ ಮಾಡಿ ಮಲಗಿದರೆ, ಐದಕ್ಕೆ ಏಳಲು ಮೂರು ನಲವತ್ತಕ್ಕೆ ಕೀಲಿ ಇಡಬೇಕು. ಐದಕ್ಕೆ ಯಾವ ಸ್ಟೇಶನ್ನೂ ಇರುವುದಿಲ್ಲ. ರೇಡಿಯೋ ಬರೀ ‘ಸುಂಯ್’ ಎನ್ನುತ್ತದೆ. ಕೇಸರಿ ದೀಪದ ಮಬ್ಬು, ಹೊರಗೆ ಬೇವಿನ ಮೇಲೆ ಮಂಜು, ನಡುವೆ ಆ ಸುಂಯ್‌ಗುಟ್ಟುವ ಸದ್ದು. ಅರೆ ನಿದ್ದೆಯಲ್ಲಿ ಅದು ದೂರದ ಮಗ್ಗದ ಖಾತೆಯ ಹಾಗೆ ಕೇಳಿಸುತ್ತದೆ. ಎಲ್ಲ ಮಗ್ಗಗಳೂ ನಡೆದಿವೆ, ಯಾರೂ ಯಾರನ್ನೂ ಕೂಗುತ್ತಿಲ್ಲ, ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿವೆ. ಎಲೆ ಬೀಳುತ್ತದೆ, ಟಪ್. ಇನ್ನೊಂದು ಬೀಳುವವರೆಗೆ ಒಂದು ನಿಮಿಷಕ್ಕಿಂತ ಚೂರು ಹೆಚ್ಚು ಹೊತ್ತು. ಆ ಚೂರಿನಲ್ಲಿ ನಾನು ಏನೆಲ್ಲ ಕಾಣುತ್ತೇನೆ! ಅವ್ವ ಜೋಳ ಬೀಸುತ್ತಿರುತ್ತಾಳೆ. ನೀನು ಬೀಸುಕಲ್ಲಿನ ಪಕ್ಕ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತೀ, ನಿನ್ನ ಕೂದಲ ಮೇಲೆ ಹಿಟ್ಟು ಬಿದ್ದಿರುತ್ತದೆ. ಆರರ ಹೊತ್ತಿಗೆ ಆ ಸುಂಯ್ ಒಳಗಿಂದಲೇ ಆಕಾಶವಾಣಿಯ ಮೊದಲ ರಾಗ ಎದ್ದು ಬರುತ್ತದೆ, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ.

ದಿನಕ್ಕೆ ನಾಲ್ಕು ತಾಸು ಅದು ಹಿಂದೆ ಉಳಿಯುತ್ತದೆ. ಆ ನಾಲ್ಕು ತಾಸು ಎಲ್ಲಿ ಹೋಗಿ ಸೇರುತ್ತವೆಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಎಲ್ಲೋ ಒಂದು ಕಡೆ ಜಮೆಯಾಗಿ, ಹಿಂದಕ್ಕೆ ಹಿಂದಕ್ಕೆ ಹೋಗಿ, ಐವತ್ತೆಂಟನೆಯ ಇಸವಿಯ ಆ ಬೆಳಗನ್ನು ಮುಟ್ಟುತ್ತವೆಯೇ?

ಹತ್ತೊಂಬತ್ತು ವರ್ಷ ನಾವಿಬ್ಬರೂ ಆ ಮಾತು ಎತ್ತಿಲ್ಲ. ಇವತ್ತು ನಾನು ಎತ್ತುತ್ತೇನೆ. ಏಳಕ್ಕೆ ಪಾಳಿಯ ಭೊಂಗಾ, ಆಮೇಲೆ ಹತ್ತು ನಿಮಿಷ ಸವಲತ್ತು, ಏಳೂ ಹತ್ತಕ್ಕೆ ಗೇಟು ಬಂದ್. ನಿನ್ನದು ಬದಲಿ ಕಾಮಗಾರನ ಕಾರ್ಡು. ತಿಂಗಳಲ್ಲಿ ಮೂರು ಸಲ ತಡವಾದರೆ ಕಾರ್ಡು ರದ್ದು, ಆಗಲೇ ಎರಡು ಆಗಿದ್ದವು. ಅವ್ವನಿಗೆ ಜ್ವರವೆಂದು ನೀನು ಹಿಂದಿನ ದಿನ ಅಕ್ಕಲಕೋಟೆಗೆ ಹೋಗಿದ್ದೆ. ಬೆಳಗಿನ ಗಾಡಿ ಇಳಿದು ಓಡಿ ಬಂದೆ. ನಾನು ಗೇಟಿನ ಒಳಗೆ, ನೀನು ಹೊರಗೆ. ಗಡಿಯಾರದಲ್ಲಿ ಏಳೂ ಹದಿಮೂರು.

“ಅಣ್ಣಾ, ಸ್ಟೇಶನ್ ಗಡಿಯಾರದಾಗ ಏಳಕ್ಕ ಐದು ಕಮ್ಮಿ ಇತ್ತು. ಹನ್ನೆರಡ ನಿಮಿಷದಾಗ ಓಡಿ ಬಂದೀನಿ. ಇನ್ನೂ ಟೈಮ್ ಅದ, ಗೇಟ್ ತಗಿ,” ಎಂದೆ ನೀನು.

“ಇಲ್ಲಿ ಅಣ್ಣ ಯಾರೂ ಇಲ್ಲ. ಇಲ್ಲಿ ನಡಿಯೂದು ನಮ್ಮ ಗಡಿಯಾರ,” ಎಂದೆ ನಾನು. ನಾಲ್ಕು ಜನ ನೋಡುತ್ತಿದ್ದರು. ನಿನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ. ಆ ಸಂಜೆ ಮ್ಯಾನೇಜರರು ಎಲ್ಲರೆದುರು ಬೆನ್ನು ತಟ್ಟಿದರು. ಸ್ವಂತ ತಮ್ಮನನ್ನೂ ಬಿಡದ ಮನುಷ್ಯ ಎಂದರು. ಮರು ವರ್ಷ ಹೆಡ್ ಟೈಮ್‌ಕೀಪರ್ ಮಾಡಿದರು. ನೀನು ದುಧನಿಗೆ ಹೋದೆ.

ಅವ್ವ ಹೋದಾಗ ನೀನು ಬಂದೆ, ನನ್ನ ಸಮಕ್ಕೆ ಹೆಗಲು ಕೊಟ್ಟೆ. ಆಮೇಲೆ ಈ ಮನೆಯ ಹೊಸ್ತಿಲು ತುಳಿದಿಲ್ಲ. ಮದುವೆಗಳಲ್ಲಿ ಸಿಕ್ಕರೆ ನಮಸ್ಕಾರ ಮಾಡಿ ಕಡೆಯ ಪಂಕ್ತಿಗೆ ಹೋಗಿ ಕೂಡುತ್ತೀ. ಈಗಲೂ ಕೈಗೆ ಗಡಿಯಾರ ಕಟ್ಟುವುದಿಲ್ಲವಂತೆ. ಅದನ್ನು ನಾಗಪ್ಪ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ಕಲ್ಲಣ್ಣ, ಜನವರಿ ಒಂಬತ್ತಕ್ಕೆ ಎಳ್ಳಮಾವಾಸ್ಯೆ. ನಿಮ್ಮ ವೈನಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಮಾಡುತ್ತಾಳೆ. ವೇಣೂಬಾಯಿಯನ್ನೂ ಮಂದಾಕಿನಿಯನ್ನೂ ಕರೆದುಕೊಂಡು ಬಾ. ಯಾವ ಗಾಡಿಗಾದರೂ ಬಾ, ಎಷ್ಟು ಹೊತ್ತಿಗಾದರೂ ಬಾ. ಈ ಮನೆಯ ಗಡಿಯಾರದಲ್ಲಿ ನೀನು ತಡವಾಗುವುದೇ ಇಲ್ಲ. ಮಂದಾಕಿನಿಗೆ ಎಲೆ ಬೀಳುವುದನ್ನು ತೋರಿಸಬೇಕು. ಅವಳಿಗೆ ಕನ್ನಡ ಓದಲು ಕಷ್ಟವಂತೆ, ಇಲ್ಲಿಯವರೆಗಿನ ಪತ್ರವನ್ನು ನೀನೇ ಓದಿ ಹೇಳು. ದೊಡ್ಡಪ್ಪ ಮೋಸಹೋದ ಗಡಿಯಾರದ ಕಥೆ ಕೇಳಿ ನಗಲಿ.

ವೇಣೂಬಾಯಿಗೆ, ಮಂದಾಕಿನಿಗೆ ನಮ್ಮಿಬ್ಬರ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ, ಮಗಳು ಪಾಸಾಗಲಿ.

ನಿನ್ನ ಅಣ್ಣ,
ಸಾತಲಿಂಗಪ್ಪ

ತಾ. ಕ. — ಇಲ್ಲಿಂದ ಮುಂದೆ ನೀನೊಬ್ಬನೇ ಓದು. ಲೀಲಾಬಾಯಿಗೂ ಇದು ಗೊತ್ತಿಲ್ಲ.

ಪ್ರತಿ ಸೋಮವಾರ ಸ್ಟೇಶನ್ನಿಗೆ ಹೋಗಿ ಅಲ್ಲಿಯ ಗಡಿಯಾರ ನೋಡಿ ಬಂದು ಮಿಲ್ಲಿನ ಗಡಿಯಾರ ಸರಿ ಮಾಡುವುದು ನನ್ನ ಕೆಲಸವಾಗಿತ್ತು. ಆ ವಾರ ಹೋಗಿರಲಿಲ್ಲ. ಬಿಸಿಲು, ಬೇಸರ, ಮತ್ತೇನಿಲ್ಲ. ನಿಂತಿದ್ದ ಗಡಿಯಾರಕ್ಕೆ ಕೀಲಿ ಕೊಟ್ಟು, ಅಂದಾಜಿನ ಮೇಲೆ ಮುಳ್ಳು ತಿರುಗಿಸಿ ಬಿಟ್ಟಿದ್ದೆ. ನಿನ್ನನ್ನು ಗೇಟಿನಿಂದ ಕಳಿಸಿದ ದಿನ ಮಧ್ಯಾಹ್ನ ಎದುರಿನ ಹೋಟೆಲಿನ ರೇಡಿಯೋದಲ್ಲಿ ವಾರ್ತೆಗೆ ಮುಂಚಿನ ಪಿಪ್ ಪಿಪ್ ಬಂತು. ಚಹಾ ಬಿಟ್ಟು ಓಡಿ ಹೋಗಿ ನೋಡಿದೆ. ನಮ್ಮ ಗಡಿಯಾರ ಆರು ನಿಮಿಷ ಮುಂದಿತ್ತು. ಭೊಂಗಾ ಅದನ್ನೇ ನೋಡಿ ಊದುತ್ತಿದ್ದುದರಿಂದ ಚಾಳಿನವರೆಲ್ಲ ಅದರ ಸಂಗಡವೇ ಎದ್ದು ಬಂದಿದ್ದರು, ಯಾರಿಗೂ ತಿಳಿಯಲಿಲ್ಲ. ಆ ಬೆಳಿಗ್ಗೆ ಹೊರಗಿನ ಹೊತ್ತು ನೋಡಿ ಬಂದವನು ನೀನೊಬ್ಬನೇ.

ನೀನು ಬಂದಾಗ ಏಳೂ ಏಳು ಆಗಿತ್ತು. ಇನ್ನೂ ಮೂರು ನಿಮಿಷ ಇತ್ತು.

ಮೂರು ದಿನ, ದಿನಕ್ಕೆ ಎರಡೆರಡು ನಿಮಿಷ, ಬೆರಳಿನಿಂದ ಮುಳ್ಳನ್ನು ಹಿಂದೆ ಸರಿಸಿದೆ. ಯಾರೂ ನೋಡಲಿಲ್ಲ. ನಿನ್ನ ಗೆರೆಯನ್ನು ಮಾತ್ರ ಅಳಿಸಲಿಲ್ಲ. ಮ್ಯಾನೇಜರರ ಖೋಲಿಯ ಬಾಗಿಲವರೆಗೆ ಎರಡು ಸಲ ಹೋದೆ. ಬೆನ್ನು ತಟ್ಟಿದ ಆ ಕೈ ನೆನಪಾಗಿ ಎರಡು ಸಲವೂ ತಿರುಗಿ ಬಂದೆ. ಅವ್ವ ಕಡೆಯವರೆಗೂ “ಕಲ್ಲಣ್ಣ ಸ್ವಲ್ಪ ಲಗೂನೆ ಹೋಗಿದ್ರ ಆಗ್ತಿತ್ತು” ಎನ್ನುತ್ತಲೇ ಹೋದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಅಂದು ನೀನು ಹೇಳಿದ ಹೊತ್ತೇ ಸರಿ ಇತ್ತು, ತಮ್ಮಾ.

ಹಬ್ಬಕ್ಕೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಒಂದು ಕಾರ್ಡು ಮಾತ್ರ ಬೇಗ ಬರೆ. ಬೈದಾದರೂ ಬರೆ.