ಫೋಟೊದಲ್ಲಿ ನಡುವೆ ನಿಂತವನು

೧೮ ಜುಲೈ ೨೦೨೪, ಗುರುವಾರ. ಭಾಲ್ಕಿ.

ಮೊಮ್ಮಗಳು ಮುಕ್ತಾಳ ಜೊತೆ ಬೀದರಿನ ವಕೀಲರಲ್ಲಿಗೆ ಹೋಗಿ ಬಂದೆ. ಅವಳು ಕೆನಡಾದಲ್ಲಿರುವ ಗಂಡನ ಬಳಿ ಹೋಗಬೇಕಾದರೆ ಮದುವೆ ಖರೆ ಎನ್ನಲು ಪುರಾವೆ ಬೇಕಂತೆ. ಮದುವೆಯ ಮುನ್ನೂರು ಫೋಟೊ ಹೊತ್ತೊಯ್ದಿದ್ದೆವು.

"ಇಷ್ಟ್ಯಾಕ್ರಿ? ಹತ್ತು ಸಾಕು. ಆದ್ರ ಗಂಡ-ಹೆಂಡ್ತಿ ಇಬ್ಬರೇ ಇರಬೇಕ್ರಿ," ಎಂದರು ವಕೀಲರು.

ಹುಡುಕಿದರೆ ಒಂದೂ ಇಲ್ಲ. ಎಲ್ಲದರಲ್ಲೂ ಇಬ್ಬರ ನಡುವೆ ರುಮಾಲು ಸುತ್ತಿದ ನಾನು. ತಾಳಿ ಕಟ್ಟುವ ಫೋಟೊದಲ್ಲಿ ನನ್ನ ಬೆನ್ನೇ ಕಾಣುತ್ತದೆ. ಅಂದು ಫೋಟೊದವನು ವರನಿಗೆ ಮುಕ್ತಾಳ ಹೆಗಲ ಮೇಲೆ ಕೈ ಹಾಕು ಅಂದ. ಹಿರಿಯರ ಮುಂದೆ ಇದೆಂಥದ್ದು ಎಂದು ಬೈದು ನಾನೇ ನಡುವೆ ಹೋಗಿ ನಿಂತಿದ್ದೆ.

"ಮುತ್ಯಾ, ಮದಿವಿ ನಂದೋ ನಿಂದೋ?" ಎಂದಳು ಮುಕ್ತಾ. ವಕೀಲರು ನಕ್ಕರು. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಿಟ್ಟು ಅಲ್ಲೇ ಇಳಿಯಿತು.

ಮನೆಯ ಹಿರಿಯರ ಪತ್ರವೂ ನಡೆಯುತ್ತದಂತೆ. ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೂ ಅರ್ಧ ಪುಟ ಬರೆದೆ: ದಿನಾ ಊಟಕ್ಕೆ ಕೂತಾಗ ಇವಳು ತಾಟಿನ ಪಕ್ಕ ಫೋನು ಇಟ್ಟುಕೊಂಡು ಗಂಡನ ಜೊತೆ ಉಣ್ಣುತ್ತಾಳೆ. ನಾನು ಕಣ್ಣಾರೆ ನೋಡಿದ್ದೇನೆ. ನಡುವೆ ನಿಂತದ್ದು ನನ್ನ ತಪ್ಪು, ಅದಕ್ಕೆ ಅವಳನ್ನು ಇಲ್ಲಿ ಉಳಿಸಬೇಡಿರಿ.