ಗೇಟಿನೆದುರು ಎಣಿಸಿದ ಲಾರಿಗಳು

ಷೇರುಪೇಟೆ ನಿಯಂತ್ರಣ ಕಚೇರಿಯ ಮುಖ್ಯಸ್ಥರೇ,

"ಹೂಡುವ ಮುನ್ನ ಕಂಪನಿಯನ್ನು ಪರಿಶೀಲಿಸಿ" ಎಂದು ಊರೆಲ್ಲ ಫಲಕ ಹಾಕಿಸಿದ್ದೀರಿ. ನಾನು ಪರಿಶೀಲಿಸಿದೆ, ಮೋಸ ಕಂಡೆ, ನಿಮಗೇ ತಿಳಿಸಿದೆ. ತಾವು ಆ ಕಂಪನಿಯ ಷೇರು ಮಾರಾಟವನ್ನೇ ನಿಲ್ಲಿಸಿ ಹದಿನಾಲ್ಕು ತಿಂಗಳಾಯಿತು. ಒಳಗೆ ಸಿಕ್ಕಿಕೊಂಡಿರುವುದು ಮೋಸ ಮಾಡಿದವರಲ್ಲ. ನಾನು, ನನ್ನ ಅಕ್ಕ.

ಲಾರಿಯ ಭಾರ ಹೊರುವ ಉಕ್ಕಿನ ಪಟ್ಟಾಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಆ ಟೈಲ್ಸ್ ಕಂಪನಿಯ ವಾರ್ಷಿಕ ವರದಿಯ ಇನ್ನೂರ ಹನ್ನೆರಡು ಪುಟಗಳನ್ನು ಅಡಿಟಿಪ್ಪಣಿ ಸಮೇತ ಓದಿದವನು ನಾನು. ದಿನಕ್ಕೆ ನಲವತ್ತು ಲಾರಿ ಮಾಲು ಹೊರಡುತ್ತದೆ ಎಂದಿತ್ತು. ಕಾಗದವನ್ನು ಸುಮ್ಮನೆ ನಂಬುವುದುಂಟೇ? ಮೂರು ದಿನ ಅಂಗಡಿ ಮುಚ್ಚಿ, ಕಾರ್ಖಾನೆಯ ಗೇಟಿನೆದುರು ಸ್ಟೂಲು ಹಾಕಿಕೊಂಡು ಎಣಿಸಿದೆ. ನಲವತ್ತು, ನಲವತ್ತೊಂದು, ನಲವತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನ ಉಳಿತಾಯದ ಜೊತೆಗೆ ಅಕ್ಕನದನ್ನೂ ಹೂಡಿಸಿದೆ. ಬಾಡಿಗೆಗಿರುವ ಹೊಲಿಗೆ ಅಂಗಡಿಯನ್ನು ಸ್ವಂತಕ್ಕೆ ಕೊಳ್ಳಲು ಅವಳು ಕೂಡಿಟ್ಟ ಹಣ ಅದು.

ಎರಡು ತಿಂಗಳ ಮೇಲೆ ಅದೇ ಕಾರ್ಖಾನೆಯ ಲಾರಿಯೊಂದು ಪಟ್ಟಾ ಕಿರುಗುಟ್ಟುತ್ತದೆಂದು ನನ್ನಲ್ಲಿಗೆ ಬಂತು. ಆರು ವರ್ಷದ ಲಾರಿ. ಪಟ್ಟಾ ತುಕ್ಕು ಹಿಡಿದಿತ್ತು, ಆದರೆ ಭಾರ ಹೊತ್ತು ಚಪ್ಪಟೆಯಾಗಬೇಕಿದ್ದ ಅದರ ಬಾಗು ಹೊಸದರಂತೆಯೇ ಇತ್ತು.

"ಏನಣ್ಣ, ಇದಕ್ಕೆ ಲೋಡೇ ಹಾಕಿಲ್ವಾ?" ಎಂದೆ.

"ಎಲ್ಲೀ ಲೋಡು? ಟಾರ್ಪಾಲು ಕಟ್ಕೊಂಡು ಮುಂದಿನ ಗೇಟಲ್ಲಿ ಹೋಗ್ತೀವಿ, ಹಿಂದಿನ ಗೇಟಲ್ಲಿ ಬರ್ತೀವಿ. ಸಂಬಳ ಮಾತ್ರ ಸರಿಯಾಗಿ ಕೊಡ್ತಾರೆ," ಎಂದ ಡ್ರೈವರ್.

ಇಪ್ಪತ್ತಾರು ವರ್ಷ ಲಾರಿಗಳ ಅಡಿಯಲ್ಲಿ ಮಲಗಿದವನು ನಾನು. ತುಂಬಿದ ಲಾರಿ ಎಷ್ಟು ತಗ್ಗುತ್ತದೆಂದು ದೂರದಿಂದಲೇ ಹೇಳಬಲ್ಲೆ. ಆ ಮೂರು ದಿನ ಮಾತ್ರ ನೋಟ್‌ಬುಕ್ಕಿನಲ್ಲಿ ಗೀಟೆಳೆಯುವ ಭರದಲ್ಲಿ ಚಕ್ರದ ಕಡೆ ಕಣ್ಣೇ ಹಾಯಿಸಲಿಲ್ಲ. ಈ ನಾಚಿಕೆ ನನ್ನದು, ನಿಮ್ಮ ಮೇಲೆ ಹೊರಿಸುವುದಿಲ್ಲ.

ಅಂದೇ ಷೇರು ಮಾರಿ ಕೈತೊಳೆದುಕೊಳ್ಳಬಹುದಿತ್ತು. ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸಾಗದೆ ನಿಮಗೆ ಬರೆದೆ. ತಮ್ಮ ಕಚೇರಿ ಎಂದೂ ಇಲ್ಲದ ಚುರುಕಿನಿಂದ ವಹಿವಾಟು ತಡೆಹಿಡಿದು, ಆಮೇಲೆ ಗೊರಕೆ ಹೊಡೆಯಿತು. ವಿಚಾರಿಸಲು ಬಂದರೆ ಗುಮಾಸ್ತರು, "ದೂರು ಕೊಟ್ಟೋರು ನೀವೇ ಅಲ್ವಾ? ತನಿಖೆ ಮುಗಿಯೋವರೆಗೂ ಕಾಯ್ಬೇಕಪ್ಪ," ಎಂದರು. ತನಿಖೆ ಎಲ್ಲಿಗೆ ಬಂತೆಂಬುದು ಗೋಪ್ಯವಂತೆ. ಉತ್ತರ ಕೊಡಲು ಕಂಪನಿಗೆ ನಾಲ್ಕು ಸಲ ಕಾಲಾವಕಾಶ ಕೊಟ್ಟದ್ದು ಮಾತ್ರ ಗೋಪ್ಯವಲ್ಲ, ಪತ್ರಿಕೆಯಲ್ಲೇ ಬಂದಿದೆ. ಸ್ವಾಮಿ, ಖಾಲಿ ಲಾರಿಗಳಿಗೆ ಹಿಂದಿನ ಗೇಟಾದರೂ ಇತ್ತು. ನಮಗೆ ಯಾವ ಗೇಟಿದೆ?

ಅಕ್ಕನ ಅಂಗಡಿಯನ್ನು ಕಳೆದ ತಿಂಗಳು ಬೇರೆಯವರು ಕೊಂಡರು. ಈ ತಿಂಗಳ ಕೊನೆಗೆ ಅವಳು ಖಾಲಿ ಮಾಡಬೇಕು. ನಿಮ್ಮ ಫಲಕವೊಂದು ಅವಳ ಹೊಲಿಗೆ ಯಂತ್ರದ ಎದುರಿಗೇ, ಬೀದಿಯಾಚೆಯ ಗೋಡೆಯ ಮೇಲಿದೆ. ಮೊನ್ನೆ ಅವಳು ಕಾಜಾ ಹೊಲಿಯುತ್ತಾ, ತಲೆಯೆತ್ತದೆ ಕೇಳಿದಳು: "ಗೊತ್ತಾದ ದಿನ ಮೊದಲು ನನಗ್ಯಾಕೋ ಹೇಳ್ಲಿಲ್ಲ?"

ಸರ್ಕಾರಕ್ಕೆ ಮೊದಲು ಹೇಳಿದೆ, ಒಡಹುಟ್ಟಿದವಳಿಗೆ ಆಮೇಲೆ.

ಮಾರಾಟ ಮತ್ತೆ ತೆರೆಯಿರಿ ಎಂದು ನಾನು ಕೇಳುವುದಿಲ್ಲ. ತೆರೆದರೆ ಕೊಳ್ಳುವವನೂ ನಮ್ಮಂಥವನೇ. ತನಿಖೆ ಮುಗಿಯುವ ದಿನಾಂಕವನ್ನು ಬಹಿರಂಗವಾಗಿ ಹೇಳಿ. ಕಂಪನಿಯ ಮಾಲೀಕರ ಆಸ್ತಿಯಿಂದ ನಮ್ಮ ಹಣ ವಾಪಸು ಕೊಡಿಸಿ. ಅದಕ್ಕೂ ಕಾಲಾವಕಾಶ ಬೇಕೆಂದರೆ, ಅಕ್ಕ ಖಾಲಿ ಮಾಡುವವರೆಗಾದರೂ ಆ ಗೋಡೆಯ ಫಲಕವನ್ನು ಇಳಿಸಿ. ಏಣಿ ನಾನೇ ತರುತ್ತೇನೆ.

ಇಂತಿ,
ನಿಮ್ಮ ಮಾತು ಕೇಳಿ ಪರಿಶೀಲಿಸಿದ,
ಅಕ್ಕನ ಮುಖ ನೋಡಲಾಗದ ತಮ್ಮ